ನಿಧಾನವಾದದ್ದು ಗಡಿಯಾರವೋ, ಕಾಲವೋ?

ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ ಎಂಬ ಮಾತನ್ನು ಮೊದಲ ಸಲ ಕೇಳಿದವರಿಗೆ ಒಂದು ಅನುಮಾನ ಏಳದೆ ಇರುವುದಿಲ್ಲ: ನಿಧಾನವಾದದ್ದು ಗಡಿಯಾರವೋ, ಕಾಲವೋ? ಬೇಸಿಗೆಯಲ್ಲಿ ಲೋಲಕದ ಸರಳು ಹಿಗ್ಗಿ ಗೋಡೆ ಗಡಿಯಾರ ಹಿಂದೆ ಬೀಳುತ್ತದೆ. ತೂಗಾಡುವ ಹಡಗಿನಲ್ಲಿ ಅದೇ ಗಡಿಯಾರ ಸರಿಯಾಗಿ ನಡೆಯುವುದೇ ಇಲ್ಲ. ಇದನ್ನು ಕಂಡು ಕಾಲ ಬದಲಾಯಿತು ಎಂದು ಯಾರೂ ಹೇಳುವುದಿಲ್ಲ, ಯಂತ್ರದ ತೊಂದರೆ ಎನ್ನುತ್ತಾರೆ. ಹಾಗಿರುವಾಗ ಚಲನೆಯಿಂದ ಗಡಿಯಾರ ತಡವಾದರೆ ಮಾತ್ರ ಕಾಲದ ಮೇಲೆ ಹೊರೆ ಹೊರಿಸುವುದು ಯಾವ ನ್ಯಾಯ? ತಿಳಿಯದವರ ಪ್ರಶ್ನೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಮೊದಲ ನಿಖರವಾದ ಸೀಸಿಯಂ ಗಡಿಯಾರ ಕಟ್ಟಿದ ವಿಜ್ಞಾನಿ ಇಂಥದ್ದೇ ಅನುಮಾನ ಎತ್ತಿದ್ದರು. ಚಲನೆಯ ಈ ಪರಿಣಾಮವನ್ನು ಪ್ರಯೋಗಶಾಲೆಯಲ್ಲಿ ಮೊದಲು ಅಳೆದವರು ಐನ್‌ಸ್ಟೈನರ ವಿವರಣೆಯನ್ನು ಒಪ್ಪಲೇ ಇಲ್ಲ. ಸಾಪೇಕ್ಷತೆ ಎಂಬ ಐನ್‌ಸ್ಟೈನರ ಸಿದ್ಧಾಂತದ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ಆ ಒಂದು ಅನುಮಾನಕ್ಕೆ ದೊರೆತ ಉತ್ತರವೆಂದು ಓದಬೇಕೆಂಬುದು ನನ್ನ ವಾದ. ಉತ್ತರ ಯಾವುದೇ ಒಂದು ಪ್ರಯೋಗದಲ್ಲಿ ಇಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಬಗೆಯ ಗಡಿಯಾರಗಳು ಒಂದೇ ಲೆಕ್ಕಕ್ಕೆ ಬಗ್ಗಿದ್ದರಲ್ಲಿ ಅದು ಇದೆ.

1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಕಾಲಕ್ಕೆ ಕೊಟ್ಟ ಸ್ಥಾನ ಎರಡು ಶತಮಾನ ಅಲುಗಲಿಲ್ಲ. ವಸ್ತುಗಳು ನಿಂತಿರಲಿ, ಓಡುತ್ತಿರಲಿ, ಕಾಲ ಎಲ್ಲೆಡೆ ಒಂದೇ ಸಮನೆ ಸಾಗುತ್ತದೆ ಎಂಬುದು ಅಲ್ಲಿನ ಆಧಾರ. ಅದನ್ನು ಅಲುಗಿಸಿದ್ದು ಬೆಳಕಿನ ಅಧ್ಯಯನ. ಬೆಳಕು ಈಥರ್ ಎಂಬ ಮಾಧ್ಯಮದಲ್ಲಿ ಹರಿಯುವ ಅಲೆ ಎಂದು ನಂಬಿದ್ದ ಕಾಲದಲ್ಲಿ, ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುವ ಭೂಮಿಗೆ ಈಥರಿನ ಎದುರುಗಾಳಿ ತಾಗಲೇಬೇಕಿತ್ತು. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೈಕಲ್‌ಸನ್ ಮತ್ತು ಮಾರ್ಲೆ ಅದನ್ನು ಹುಡುಕಿದರು, ಸಿಗಲಿಲ್ಲ. ಚಲಿಸುವ ವಸ್ತು ಚಲನೆಯ ದಿಕ್ಕಿನಲ್ಲಿ ಕುಗ್ಗುವುದರಿಂದ ವ್ಯತ್ಯಾಸ ಮರೆಯಾಗುತ್ತದೆ ಎಂದು 1889ರಲ್ಲಿ ಫಿಟ್ಜ್‌ಜೆರಾಲ್ಡ್, ಆಮೇಲೆ ಲೊರೆಂಟ್ಸ್ ಸೂಚಿಸಿದರು. 1895ರಲ್ಲಿ ಲೊರೆಂಟ್ಸ್ ‘ಸ್ಥಳೀಯ ಕಾಲ’ ಎಂಬ ಪರಿಮಾಣವನ್ನು ಸಮೀಕರಣಗಳಲ್ಲಿ ಸೇರಿಸಿದರು, ಆದರೆ ಅವರಿಗೆ ಅದು ಲೆಕ್ಕದ ಅನುಕೂಲವಷ್ಟೇ. ಈಥರಿನಲ್ಲಿ ಚಲಿಸುವ ವ್ಯವಸ್ಥೆಯಲ್ಲಿ ಎಲೆಕ್ಟ್ರಾನುಗಳ ಸುತ್ತುವಿಕೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಜೋಸೆಫ್ ಲಾರ್ಮರ್ 1900ರ ಹೊತ್ತಿಗೆ ಬರೆದಿದ್ದರು. ದೂರದ ಎರಡು ಗಡಿಯಾರಗಳನ್ನು ಬೆಳಕಿನ ಸಂಕೇತದಿಂದ ಹೊಂದಿಸುವುದು ಹೇಗೆಂದು ಪ್ವಾಂಕರೆ ಚರ್ಚಿಸಿದ್ದರು. ಬೇಕಾದ ಸಾಮಗ್ರಿ ಬಹುತೇಕ ಸಿದ್ಧವಾಗಿತ್ತು. ಈಥರಿನಲ್ಲಿ ನಿಶ್ಚಲವಾಗಿರುವ ಒಂದು ‘ನಿಜವಾದ’ ಕಾಲವಿದೆ, ಉಳಿದವು ಅದರ ವಿಕಾರಗಳು ಎಂಬ ನಂಬಿಕೆಯನ್ನು ಬಿಡಲು ಮಾತ್ರ ಯಾರೂ ಮುಂದಾಗಿರಲಿಲ್ಲ.

1905ರಲ್ಲಿ ಐನ್‌ಸ್ಟೈನ್ ಅದನ್ನು ಬಿಟ್ಟರು. ಸಮವೇಗದಲ್ಲಿ ಚಲಿಸುವ ಎಲ್ಲರಿಗೂ ಪ್ರಕೃತಿಯ ನಿಯಮಗಳು ಒಂದೇ, ಬೆಳಕಿನ ವೇಗ ಅದರ ಮೂಲದ ಚಲನೆಗೆ ಕಟ್ಟುಬಿದ್ದಿಲ್ಲ ಎಂಬ ಎರಡು ಮಾತುಗಳಿಂದ ಹೊರಟು ಉಳಿದದ್ದನ್ನೆಲ್ಲ ತರ್ಕದಿಂದ ತೆಗೆದರು. ಎದುರು ಬದುರು ನಿಂತ ಎರಡು ಕನ್ನಡಿಗಳ ನಡುವೆ ಬೆಳಕು ಹೋಗಿ ಬರುವುದನ್ನೇ ಒಂದು ಗಡಿಯಾರವೆಂದುಕೊಳ್ಳೋಣ. ಈ ಜೋಡಿ ಪಕ್ಕಕ್ಕೆ ಸಾಗುತ್ತಿದ್ದರೆ, ನಿಂತು ನೋಡುವವರಿಗೆ ಬೆಳಕಿನ ಹಾದಿ ಓರೆಯಾಗಿ, ಉದ್ದವಾಗಿ ಕಾಣುತ್ತದೆ. ಬೆಳಕಿನ ವೇಗ ಬದಲಾಗದ ಕಾರಣ ಪ್ರತಿ ಮಿಡಿತಕ್ಕೂ ಹೆಚ್ಚು ಹೊತ್ತು ಬೇಕು. ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ, ಆದರೆ ಮುಖ್ಯವಾದದ್ದು ಮುಂದಿನ ಹೆಜ್ಜೆ. ಆ ಕನ್ನಡಿಗಳ ಪಕ್ಕದಲ್ಲೇ ಒಂದು ಕೈಗಡಿಯಾರ, ಒಂದು ವಿಕಿರಣಶೀಲ ವಸ್ತು, ಮಿಡಿಯುವ ಒಂದು ಹೃದಯ ಇವೆ ಎನ್ನಿ. ಇವುಗಳಲ್ಲಿ ಒಂದಾದರೂ ಅದೇ ಪ್ರಮಾಣದಲ್ಲಿ ನಿಧಾನವಾಗದಿದ್ದರೆ, ಕಿಟಕಿ ಮುಚ್ಚಿದ ಕೋಣೆಯೊಳಗೇ ಎರಡನ್ನು ಹೋಲಿಸಿ ‘ನಾವು ಚಲಿಸುತ್ತಿದ್ದೇವೆ’ ಎಂದು ಕಂಡುಹಿಡಿಯಬಹುದು. ಅಲ್ಲಿಗೆ ಮೊದಲ ಮಾತು ಸುಳ್ಳಾಗುತ್ತದೆ. ಎಲ್ಲ ಗಡಿಯಾರಗಳೂ ಒಂದೇ ಅನುಪಾತದಲ್ಲಿ ತಡವಾಗಲೇಬೇಕೆಂಬ ಈ ಷರತ್ತೇ ಸಿದ್ಧಾಂತದ ಎದೆಗಾರಿಕೆ, ಅದನ್ನು ಮುರಿಯಲು ಇರುವ ದಾರಿಯೂ ಹೌದು. ದಿನಬಳಕೆಯ ವೇಗಗಳಲ್ಲಿ ಈ ಅನುಪಾತ ನಂಬಲಾಗದಷ್ಟು ಚಿಕ್ಕದು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನದಲ್ಲಿ ಒಂದು ಗಂಟೆಗೆ ಒಂದೂಕಾಲು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಬೆಳಕಿನ ಅರ್ಧದಷ್ಟು ವೇಗದಲ್ಲೂ ಗಡಿಯಾರ ಶೇ 13ರಷ್ಟು ಮಾತ್ರ ತಡ. ಶೇ 99.5 ವೇಗ ತಲುಪಿದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

1908ರಲ್ಲಿ ಕಲೋನ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ ಗಣಿತಜ್ಞ ಮಿಂಕೋವ್‌ಸ್ಕಿ ಈ ವಿಚಾರಕ್ಕೆ ಇಂದು ನಾವು ಬಳಸುವ ರೂಪ ಕೊಟ್ಟರು. ದೇಶ ಮತ್ತು ಕಾಲ ಸೇರಿದ ನಾಲ್ಕು ಆಯಾಮಗಳ ಒಂದೇ ಹರವಿನಲ್ಲಿ ಪ್ರತಿ ವಸ್ತುವಿಗೂ ತನ್ನದೇ ದಾರಿ ಇದೆ, ಆ ದಾರಿಯ ಉದ್ದವನ್ನೇ ವಸ್ತುವಿನ ಜೊತೆಗಿರುವ ಗಡಿಯಾರ ಅಳೆಯುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಮಂಡ್ಯದ ಮೇಲೆ ಹೋದ ಕಾರು ಮತ್ತು ಕನಕಪುರದ ಮೇಲೆ ಹೋದ ಕಾರಿನ ಮೀಟರುಗಳು ಬೇರೆ ಬೇರೆ ಕಿಲೋಮೀಟರ್ ತೋರಿಸಿದರೆ ಮೀಟರ್ ಕೆಟ್ಟಿದೆ ಎಂದು ಯಾರೂ ದೂರುವುದಿಲ್ಲ. ಇಲ್ಲಿ ಒಂದು ವಿಶೇಷವಿದೆ: ದೇಶಕಾಲದಲ್ಲಿ ನೇರ ದಾರಿ ಹಿಡಿದವರ ಗಡಿಯಾರವೇ ಅತಿ ಹೆಚ್ಚು ಕಾಲ ತೋರಿಸುತ್ತದೆ, ಸುತ್ತಿ ಬಂದವರದು ಕಡಿಮೆ. ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಈ ಬರಹಗಳನ್ನು 1920ರಲ್ಲಿ ಕಲ್ಕತ್ತದಲ್ಲಿ ಇಂಗ್ಲಿಷಿಗೆ ತಂದವರು ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್. ಇಬ್ಬರೂ ಆಗ ಮೂವತ್ತು ದಾಟದ ಯುವಕರು ಎಂಬುದನ್ನು ನೆನೆದರೆ ಹೆಮ್ಮೆಯೆನಿಸುತ್ತದೆ.

ಅತಿ ದೀರ್ಘವಾದ ಜಗಳ ನಡೆದದ್ದು ಸುತ್ತಿ ಬಂದವರ ಬಗ್ಗೆಯೇ. 1911ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪಾಲ್ ಲಾಂಜೆವಾಂ ಒಂದು ಊಹೆಯನ್ನು ಮುಂದಿಟ್ಟರು: ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ತನ್ನ ಲೆಕ್ಕಕ್ಕೆ ಎರಡು ವರ್ಷ ಪಯಣಿಸಿ ಮರಳಿದ ಯಾತ್ರಿಕನಿಗೆ, ಭೂಮಿಯಲ್ಲಿ ಇನ್ನೂರು ವರ್ಷ ಕಳೆದಿರುವುದು ಕಾಣುತ್ತದೆ. ಮಗಳು ರೇವತಿಯೊಡನೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಯುಗಗಳೇ ಉರುಳಿದ ಕಕುದ್ಮಿ ರಾಜನ ಭಾಗವತದ ಕಥೆ ನಮ್ಮ ಓದುಗರಿಗೆ ಇಲ್ಲಿ ನೆನಪಾಗುವುದು ಸಹಜ. ಕಲ್ಪನೆಯಾಗಿ ಅದು ಭವ್ಯವಾದದ್ದೇ. ಆದರೆ ಅಲ್ಲಿ ವ್ಯತ್ಯಾಸ ಆ ಲೋಕದ ಮಹಿಮೆಯಿಂದ ಬಂದದ್ದು. ಲಾಂಜೆವಾಂ ಹೇಳಿದ್ದರಲ್ಲಿ ವೇಗವೇ ಕಾರಣ, ಎಷ್ಟು ವೇಗಕ್ಕೆ ಎಷ್ಟು ವ್ಯತ್ಯಾಸವೆಂಬ ಸೂತ್ರವೂ ಇದೆ, ಅಳೆದು ನೋಡಿ ತಪ್ಪಾದರೆ ಕೈಬಿಡುವ ಅವಕಾಶವೂ ಇದೆ. ಎರಡನ್ನೂ ಒಂದೇ ಎನ್ನುವುದರಿಂದ ಕಥೆಗೂ ವಿಜ್ಞಾನಕ್ಕೂ ನಷ್ಟವೇ. ಇದಕ್ಕಿಂತ ಗಂಭೀರವಾದ ಆಕ್ಷೇಪ ಬ್ರಿಟನ್ನಿನ ಹರ್ಬರ್ಟ್ ಡಿಂಗಲ್ ಅವರದು. ಸಾಪೇಕ್ಷತೆಯ ಬಗ್ಗೆ ಪುಸ್ತಕ ಬರೆದಿದ್ದ ಇವರೇ 1950ರ ದಶಕದಿಂದ ಅದರ ವಿರುದ್ಧ ನಿಂತರು. ಚಲನೆ ಸಾಪೇಕ್ಷವಾದರೆ, ನೀನು ಓಡಿದೆ ಎಂದು ನಾನೂ ನಾನು ಓಡಿದೆ ಎಂದು ನೀನೂ ಹೇಳಬಹುದು. ಪ್ರತಿಯೊಂದು ಗಡಿಯಾರವೂ ಇನ್ನೊಂದಕ್ಕಿಂತ ನಿಧಾನವಾಗಿರಲು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ. ದಾರಿಯ ಉದ್ದ ಎಂಬ ನೋಟದಲ್ಲಿ ಇದರ ಉತ್ತರ ಸಿಗುತ್ತದೆ. ಇಬ್ಬರೂ ಎಂದೂ ತಿರುಗದೆ ದೂರ ಸರಿಯುತ್ತಲೇ ಇದ್ದರೆ ಗಡಿಯಾರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಸಂದರ್ಭವೇ ಬರುವುದಿಲ್ಲ. ದೂರದ ಹೋಲಿಕೆಗೆ ‘ಈಗ’ ಎಂದರೆ ಯಾವಾಗ ಎಂದು ಇಬ್ಬರೂ ಬೇರೆ ಬೇರೆಯಾಗಿ ನಿರ್ಧರಿಸುತ್ತಾರೆ. ಮತ್ತೆ ಭೇಟಿಯಾಗಬೇಕಾದರೆ ಒಬ್ಬರು ತಿರುಗಲೇಬೇಕು, ಆಗ ಯಾರ ದಾರಿ ಬಾಗಿತು ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ತಿರುಗುವಾಗಿನ ವೇಗೋತ್ಕರ್ಷವೇ ಗಡಿಯಾರವನ್ನು ಬದಲಿಸಿತು ಎಂದು ಕೆಲವು ಪುಸ್ತಕಗಳಲ್ಲಿ ಓದುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ದಾರಿ ತಪ್ಪಿಸುವ ವಿವರಣೆ, ಏಕೆಂದು ಪ್ರಯೋಗಗಳೇ ತೋರಿಸುತ್ತವೆ.

ಪ್ರಯೋಗದ ಸಾಕ್ಷ್ಯ ಬರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1938ರಲ್ಲಿ ಬೆಲ್ ಪ್ರಯೋಗಾಲಯದ ಹರ್ಬರ್ಟ್ ಐವ್ಸ್ ಮತ್ತು ಸ್ಟಿಲ್‌ವೆಲ್, ವೇಗವಾಗಿ ಹಾಯುವ ಹೈಡ್ರೋಜನ್ ಕಣಗಳು ಮುಂದಕ್ಕೂ ಹಿಂದಕ್ಕೂ ಸೂಸುವ ಬೆಳಕನ್ನು ಒಟ್ಟಿಗೆ ಹಿಡಿದರು. ಹತ್ತಿರ ಬರುವ, ದೂರ ಹೋಗುವ ಮೂಲಗಳ ಸಾಮಾನ್ಯ ಡಾಪ್ಲರ್ ವ್ಯತ್ಯಾಸವನ್ನು ಕಳೆದ ಮೇಲೂ ರೋಹಿತದ ಗೆರೆ ಕೆಂಪಿನ ಕಡೆಗೆ ತುಸು ಸರಿದೇ ಇತ್ತು, ಸರಿದದ್ದು ಸೂತ್ರ ಹೇಳಿದಷ್ಟೇ. ಇದನ್ನು ಲಾರ್ಮರ್ ಮತ್ತು ಲೊರೆಂಟ್ಸ್ ಅವರ ಈಥರಿಗೆ ಸಿಕ್ಕ ಗೆಲುವೆಂದೇ ಐವ್ಸ್ ಬಗೆದರು. ತಾನು ಮೆಚ್ಚದ ಸಿದ್ಧಾಂತದ ಅಂಕಿಯನ್ನೇ ಪ್ರಾಮಾಣಿಕವಾಗಿ ಅಳೆದು ಪ್ರಕಟಿಸಿದ ಆ ನಿಷ್ಠೆಗೆ ನಾವು ಋಣಿಗಳಾಗಿರಬೇಕು. ಅವರ ಅಳತೆಗೆ ಇಂದಿಗೂ ಅಷ್ಟು ಬೆಲೆಯಿರುವುದು ಅದರಿಂದಲೇ.

ಇನ್ನೊಂದು ಗಡಿಯಾರ ಆಕಾಶದಿಂದಲೇ ಬಂತು. ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್ ಎಂಬ ಕಣದ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ 2.2 ಪಾಲು ಮಾತ್ರ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟಲಾರದು. ಹತ್ತಾರು ಕಿಲೋಮೀಟರ್ ಮೇಲೆ ಹುಟ್ಟಿದ ಇವು ನೆಲಕ್ಕೆ ಹೇರಳವಾಗಿ ಬೀಳುತ್ತಿರುವುದು ಹೇಗೆ? 1941ರಲ್ಲಿ ಬ್ರೂನೊ ರೊಸ್ಸಿ ಮತ್ತು ಡೇವಿಡ್ ಹಾಲ್ ಕೊಲರಾಡೊದ ಬೆಟ್ಟಗಳಲ್ಲಿ ಅಳೆದು, ಹೆಚ್ಚು ವೇಗದ ಮ್ಯೂಯಾನುಗಳು ಹೆಚ್ಚು ಹೊತ್ತು ಬದುಕುತ್ತವೆ ಎಂದು ತೋರಿಸಿದರು. 1963ರಲ್ಲಿ ಪ್ರಕಟವಾದ ಫ್ರಿಶ್ ಮತ್ತು ಸ್ಮಿತ್ ಅವರ ಪ್ರಯೋಗ ಇನ್ನೂ ನೇರ. ಸುಮಾರು 1900 ಮೀಟರ್ ಎತ್ತರದ ವಾಷಿಂಗ್‌ಟನ್ ಬೆಟ್ಟದ ಮೇಲೆ ಒಂದು ವೇಗದ ಮ್ಯೂಯಾನುಗಳನ್ನಷ್ಟೇ ಆಯ್ದು ಎಣಿಸಿದಾಗ ಗಂಟೆಗೆ ಸುಮಾರು 563 ಸಿಕ್ಕವು. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ ಸಮುದ್ರಮಟ್ಟಕ್ಕೆ 30ರ ಆಸುಪಾಸು ಉಳಿಯಬೇಕಿತ್ತು, ಉಳಿದದ್ದು 408. ಕರ್ನಾಟಕಕ್ಕೂ ಈ ಕಣಗಳಿಗೂ ಹಳೆಯ ನಂಟಿದೆ. 1950ರ ದಶಕದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗಳ ಒಳಗೆ ಬೇರೆ ಬೇರೆ ಆಳಗಳಲ್ಲಿ ಮ್ಯೂಯಾನುಗಳನ್ನು ಎಣಿಸಿದರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಸಿಕ್ಕಿದ್ದು ಅಲ್ಲಿಯೇ. ಕಾಲದ ಪರೀಕ್ಷೆ ಆ ಪ್ರಯೋಗಗಳ ಗುರಿಯಾಗಿರಲಿಲ್ಲ, ನಿಜ. ಆದರೆ ಬಂಡೆಯನ್ನು ಸೀಳಿಕೊಂಡು ಗಣಿಯ ಆಳ ತಲುಪಿದ ಪ್ರತಿ ಮ್ಯೂಯಾನ್ ತನ್ನ ಸಹಜ ಆಯುಸ್ಸಿನ ಹತ್ತಾರು ಪಟ್ಟು ಬದುಕಿ ಬಂದಿತ್ತು.

ಬೆಟ್ಟದ ಮೇಲೆ, ಗಣಿಯ ಒಳಗೆ ಮ್ಯೂಯಾನ್ ನೇರವಾಗಿ ಸಾಗುತ್ತದೆ, ಹೋಗಿ ಬರುವುದಿಲ್ಲ. ಆ ಕೊರತೆಯನ್ನು ಜಿನೀವಾದ ಸರ್ನ್ ಪ್ರಯೋಗಾಲಯ ತುಂಬಿತು. 14 ಮೀಟರ್ ವ್ಯಾಸದ ಉಂಗುರದಲ್ಲಿ ಮ್ಯೂಯಾನುಗಳನ್ನು ಸುತ್ತು ಹಾಕಿಸಿ, ಅವುಗಳ ಆಯುಸ್ಸು 29 ಪಟ್ಟು ಹಿಗ್ಗಿ 64 ಮೈಕ್ರೋಸೆಕೆಂಡ್ ಆದದ್ದನ್ನು 1977ರಲ್ಲಿ ವರದಿ ಮಾಡಿದರು. ಸೂತ್ರಕ್ಕೂ ಅಳತೆಗೂ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ನಿಖರತೆಯಲ್ಲಿ ಹೊಂದಿಕೆ ಇತ್ತು. ಪ್ರತಿ ಸುತ್ತಿಗೂ ಹೊರಟ ಜಾಗಕ್ಕೇ ಮರಳುವ ಈ ಕಣಗಳೇ ಲಾಂಜೆವಾಂ ಹೇಳಿದ ಯಾತ್ರಿಕರು. ಉಂಗುರದಲ್ಲಿ ಬಾಗುವಾಗ ಅವುಗಳ ಮೇಲಿನ ವೇಗೋತ್ಕರ್ಷ ಭೂಮಿಯ ಗುರುತ್ವದ ಕೋಟಿ ಕೋಟಿ ಪಟ್ಟುಗಳನ್ನೂ ಮೀರಿತ್ತು. ಆದರೂ ಅದರಿಂದ ಹೆಚ್ಚುವರಿ ಪರಿಣಾಮ ಏನೂ ಕಾಣಲಿಲ್ಲ, ವೇಗವೊಂದೇ ಇಡೀ ವ್ಯತ್ಯಾಸವನ್ನು ವಿವರಿಸಿತು. ತಿರುವು ದಾರಿಯನ್ನು ಬೇರೆ ಮಾಡುತ್ತದೆ, ಗಡಿಯಾರವನ್ನು ಹಿಂಡುವುದಿಲ್ಲ.

ಪರಮಾಣುವಿನ ಬೀಜಕೇಂದ್ರವೂ ಒಂದು ಗಡಿಯಾರವೇ. 1960ರಲ್ಲಿ ಹಾರ್ವರ್ಡಿನ ಪೌಂಡ್ ಮತ್ತು ರೆಬ್ಕಾ 22.5 ಮೀಟರ್ ಎತ್ತರದ ಗೋಪುರದಲ್ಲಿ ಗುರುತ್ವದ ಪರಿಣಾಮವನ್ನು ಅಳೆಯಲು ಕಬ್ಬಿಣದ ಬೀಜಕೇಂದ್ರಗಳು ಸೂಸುವ ಗಾಮಾ ಕಿರಣ ಬಳಸುತ್ತಿದ್ದರು. ಎರಡು ತುದಿಗಳ ಉಷ್ಣತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದರೂ ಅಳತೆಯೆಲ್ಲ ಕೆಡುತ್ತದೆ ಎಂದು ಅವರೂ, ಸ್ವತಂತ್ರವಾಗಿ ಕೇಂಬ್ರಿಜ್‌ನಲ್ಲಿದ್ದ ಇಪ್ಪತ್ತು ವರ್ಷದ ವಿದ್ಯಾರ್ಥಿ ಬ್ರಯನ್ ಜೋಸೆಫ್‌ಸನ್ ಅವರೂ ಗುರುತಿಸಿದರು. ಬಿಸಿಯಾದ ಲೋಹದಲ್ಲಿ ಪರಮಾಣುಗಳು ಹೆಚ್ಚು ವೇಗವಾಗಿ ಕಂಪಿಸುತ್ತವೆ, ಹೆಚ್ಚು ವೇಗವಾದ್ದರಿಂದ ಅವುಗಳ ಗಡಿಯಾರ ತಡ. ಕಾದ ಕಬ್ಬಿಣದೊಳಗೆ ಕಾಲ ತುಸು ನಿಧಾನವಾಗಿ ಸಾಗುತ್ತದೆ ಎಂಬ ಈ ಸಂಗತಿಗೆ ಜನಪ್ರಿಯ ಬರಹಗಳಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಕೈಯಲ್ಲಿ ಹಿಡಿದು ಒಯ್ಯುವ ಗಡಿಯಾರದ ಸರದಿ 1971ರ ಅಕ್ಟೋಬರಿನಲ್ಲಿ ಬಂತು. ಹಾಫೆಲೆ ಮತ್ತು ಕೀಟಿಂಗ್ ನಾಲ್ಕು ಸೀಸಿಯಂ ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿಯನ್ನು ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ಸುತ್ತಿದರು. ಪೂರ್ವಕ್ಕೆ ಹೋದವು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದವು 273 ನ್ಯಾನೋಸೆಕೆಂಡ್ ಮುಂದಾದವು. ಲೆಕ್ಕ ಹೇಳಿದ್ದು ಸುಮಾರು 40 ಹಿಂದೆ, 275 ಮುಂದೆ. ಓಡುವ ಗಡಿಯಾರ ಮುಂದಾಗುವುದೆಂದರೇನು ಎಂದು ಕೇಳಬಹುದು. ನೆಲದ ಮೇಲಿನ ಗಡಿಯಾರ ನಿಂತಿಲ್ಲ, ಭೂಮಿಯ ಜೊತೆ ಪೂರ್ವಕ್ಕೆ ತಿರುಗುತ್ತಿದೆ. ಪಶ್ಚಿಮದತ್ತ ಹಾರುವ ವಿಮಾನ ಭೂಕೇಂದ್ರದ ಲೆಕ್ಕದಲ್ಲಿ ನೆಲಕ್ಕಿಂತ ನಿಧಾನ. ಜೊತೆಗೆ ಎತ್ತರದಲ್ಲಿ ಗುರುತ್ವ ಕಡಿಮೆಯಾಗಿ ಗಡಿಯಾರ ವೇಗವಾಗುವ ಇನ್ನೊಂದು ಪರಿಣಾಮವೂ ಸೇರುತ್ತದೆ. ಈ ಎರಡನೆಯದನ್ನು 1905ರಲ್ಲಿ ಐನ್‌ಸ್ಟೈನ್ ಅರಿತಿರಲಿಲ್ಲ. ಸಮಭಾಜಕದ ಗಡಿಯಾರ ಧ್ರುವದ ಗಡಿಯಾರಕ್ಕಿಂತ ತಡವಾಗುತ್ತದೆ ಎಂದು ಆ ಲೇಖನದಲ್ಲಿ ಅವರು ಬರೆದದ್ದು ನಿಜದಲ್ಲಿ ನಡೆಯುವುದಿಲ್ಲ, ಏಕೆಂದರೆ ಸಮುದ್ರಮಟ್ಟದಲ್ಲಿ ತಿರುಗುವಿಕೆ ಕಳೆದದ್ದನ್ನು ಉಬ್ಬಿದ ಭೂಮಿಯ ಗುರುತ್ವ ತುಂಬಿಕೊಡುತ್ತದೆ. ವಿಮಾನ ಪ್ರಯೋಗದ ಮೇಲೆ ಕಟುವಾದ ಟೀಕೆ ಮಾಡಿದವರು ಲೂಯಿಸ್ ಎಸ್ಸೆನ್, 1955ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸೀಸಿಯಂ ಗಡಿಯಾರ ಕಟ್ಟಿದವರು. ಗಡಿಯಾರಗಳು ತಮ್ಮಷ್ಟಕ್ಕೆ ಏರುಪೇರಾಗುವುದರ ಮುಂದೆ ಅಳೆದ ವ್ಯತ್ಯಾಸವನ್ನು ನಂಬಲಾಗದು ಎಂಬ ಅವರ ಮಾತಿನಲ್ಲಿ ಹುರುಳಿತ್ತು, ಗಡಿಯಾರದ ಮಿತಿಯನ್ನು ಅವರಿಗಿಂತ ಬಲ್ಲವರಿರಲಿಲ್ಲ. ಅದಕ್ಕೆ ಉತ್ತರ ಇನ್ನೂ ಒಳ್ಳೆಯ ಅಳತೆಯೇ ಆಗಬೇಕಿತ್ತು, ಆಯಿತು ಕೂಡ. 1975–76ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕ್ಯಾರಲ್ ಆಲಿ ಅವರ ತಂಡ ಚೆಸಪೀಕ್ ಕೊಲ್ಲಿಯ ಮೇಲೆ ಹದಿನೈದು ಗಂಟೆಗಳ ಹಾರಾಟ ನಡೆಸಿ, ಹಾರುತ್ತಿರುವಾಗಲೇ ಲೇಸರ್ ಸಂಕೇತಗಳಿಂದ ಗಡಿಯಾರಗಳನ್ನು ಹೋಲಿಸಿತು. ನಿವ್ವಳ 47 ನ್ಯಾನೋಸೆಕೆಂಡುಗಳ ವ್ಯತ್ಯಾಸ ಶೇ 2ಕ್ಕಿಂತ ಕಡಿಮೆ ಅನಿಶ್ಚಿತತೆಯಲ್ಲಿ ಸೂತ್ರಕ್ಕೆ ಹೊಂದಿತು.

1977ರ ಜೂನ್‌ನಲ್ಲಿ ಹಾರಿಸಿದ ಎನ್‌ಟಿಎಸ್-2 ಉಪಗ್ರಹದ ಸೀಸಿಯಂ ಗಡಿಯಾರವನ್ನು ಮೊದಲ ಇಪ್ಪತ್ತು ದಿನ ಯಾವ ತಿದ್ದುಪಡಿಯೂ ಇಲ್ಲದೆ ಓಡಲು ಬಿಟ್ಟರು. ಸಾಪೇಕ್ಷತೆ ಹೇಳಿದ ವ್ಯತ್ಯಾಸಕ್ಕೂ ಅದು ತೋರಿದ್ದಕ್ಕೂ ಶೇ 1ರಷ್ಟು ಮಾತ್ರ ಅಂತರವಿತ್ತು. ಆಮೇಲಿನ ಜಿಪಿಎಸ್ ಉಪಗ್ರಹಗಳು ಸೆಕೆಂಡಿಗೆ 3.9 ಕಿಲೋಮೀಟರ್ ವೇಗದಿಂದ ದಿನಕ್ಕೆ 7 ಮೈಕ್ರೋಸೆಕೆಂಡ್ ಕಳೆದುಕೊಳ್ಳುತ್ತವೆ, ಎತ್ತರದಿಂದ 45 ಗಳಿಸುತ್ತವೆ. ಉಳಿಯುವ 38 ಮೈಕ್ರೋಸೆಕೆಂಡನ್ನು ತಿದ್ದದಿದ್ದರೆ ಫೋನಿನ ನಕ್ಷೆ ದಿನಕ್ಕೆ 11 ಕಿಲೋಮೀಟರ್ ತಪ್ಪುತ್ತದೆ ಎಂದು ಎಲ್ಲೆಡೆ ಬರೆಯುತ್ತಾರೆ, ಅದನ್ನು ಹಾಗೆಯೇ ಒಪ್ಪಬೇಕಿಲ್ಲ. ಎಲ್ಲ ಉಪಗ್ರಹಗಳೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಆ ತಪ್ಪಿನ ಬಹುಪಾಲನ್ನು ಫೋನು ತನ್ನದೇ ಗಡಿಯಾರದ ದೋಷದ ಜೊತೆ ಕಳೆದುಹಾಕುತ್ತದೆ. ಕಳೆಯಲಾಗದ್ದು ಕಕ್ಷೆಯ ತುಸು ಅಂಡಾಕಾರದಿಂದ ಬರುವ ವ್ಯತ್ಯಾಸ. ಅಲ್ಲಿ ವೇಗವೂ ಎತ್ತರವೂ ಗಳಿಗೆ ಗಳಿಗೆಗೆ ಬದಲಾಗಿ, ಪ್ರತಿ ಉಪಗ್ರಹಕ್ಕೂ ಹತ್ತಾರು ನ್ಯಾನೋಸೆಕೆಂಡುಗಳ ಬೇರೆ ಬೇರೆ ತಿದ್ದುಪಡಿ ಬೇಕಾಗುತ್ತದೆ. ಅಂದರೆ ಹಲವು ಮೀಟರುಗಳ ಪ್ರಶ್ನೆ. ಇಸ್ರೋದ ನಾವಿಕ್ ವ್ಯವಸ್ಥೆಗೂ ಇದೇ ಲೆಕ್ಕ ಬೇಕು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಅದರ ಸಂಚರಣಾ ಕೇಂದ್ರವಿದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ. ನೆಲದಿಂದ ನೋಡುವವರಿಗೆ ನಿಂತಲ್ಲೇ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ಕೂಡ ಭೂಕೇಂದ್ರದ ಸುತ್ತ ಸೆಕೆಂಡಿಗೆ 3 ಕಿಲೋಮೀಟರ್ ಓಡುತ್ತಿದೆ, ಅದರ ಗಡಿಯಾರ ಓಟಕ್ಕಾಗಿ ದಿನಕ್ಕೆ ಸುಮಾರು ನಾಲ್ಕೂವರೆ ಮೈಕ್ರೋಸೆಕೆಂಡ್ ತೆರುತ್ತಿದೆ.

ಮೊದಲಿನ ಅನುಮಾನಕ್ಕೆ ಈಗ ಬರಬಹುದು. ಹೈಡ್ರೋಜನ್ ಬೆಳಕು ಹೊಮ್ಮುವುದು ವಿದ್ಯುತ್ಕಾಂತ ಬಲದಿಂದ. ಮ್ಯೂಯಾನ್ ಸಾಯುವುದು ದುರ್ಬಲ ಬೈಜಿಕ ಬಲದಿಂದ. ಕಬ್ಬಿಣದ ಗಾಮಾ ಕಿರಣದ ಹಿಂದೆ ಬೀಜಕೇಂದ್ರವನ್ನು ಹಿಡಿದಿಟ್ಟಿರುವ ಪ್ರಬಲ ಬಲವಿದೆ. ಇವುಗಳ ಒಳರಚನೆಯಲ್ಲಿ ಸಾಮ್ಯವಿಲ್ಲ, ಅವು ಚಲಿಸಿದ ವೇಗಗಳ ನಡುವೆ ಲಕ್ಷಾಂತರ ಪಟ್ಟುಗಳ ಅಂತರ. ಚಲನೆ ಯಂತ್ರವನ್ನು ಕೆಡಿಸುತ್ತಿದ್ದರೆ ಒಂದೊಂದನ್ನೂ ಒಂದೊಂದು ಬಗೆಯಲ್ಲಿ ಕೆಡಿಸಬೇಕಿತ್ತು, ಬಿಸಿಲು ಲೋಲಕವನ್ನು ನಿಧಾನ ಮಾಡಿದರೂ ಸ್ಫಟಿಕದ ಗಡಿಯಾರವನ್ನು ಅಷ್ಟೇ ನಿಧಾನ ಮಾಡದ ಹಾಗೆ. ಎಲ್ಲವೂ ಒಂದೇ ಅನುಪಾತಕ್ಕೆ ತಡವಾದಾಗ, ಆ ತಡವನ್ನು ಯಾವ ಯಂತ್ರದ ಲೆಕ್ಕಕ್ಕೂ ಹಾಕಲು ಬರುವುದಿಲ್ಲ. ಐವ್ಸ್ ಅವರ ಈಥರನ್ನು ಇದು ತರ್ಕದ ಮಟ್ಟದಲ್ಲಿ ಅಳಿಸಿಹಾಕುತ್ತದೆಯೇ? ಇಲ್ಲ. ಎಲ್ಲ ಬಲಗಳನ್ನೂ ಒಂದೇ ಸಮನೆ ಮುಟ್ಟುವ, ಯಾವ ಪ್ರಯೋಗಕ್ಕೂ ಎಂದೂ ಸಿಕ್ಕಿಬೀಳದ ಈಥರ್ ಒಂದಿದೆ ಎನ್ನುವವರನ್ನು ಅಳತೆಯಿಂದ ಸೋಲಿಸಲಾಗದು. ಆದರೆ ಅಂಥ ಈಥರಿನ ‘ನಿಜವಾದ ಕಾಲ’ವನ್ನು ತೋರಿಸಬಲ್ಲ ಗಡಿಯಾರ ಒಂದೂ ಇಲ್ಲ. ಯಾವ ಗಡಿಯಾರಕ್ಕೂ ಕಾಣದ ಕಾಲವನ್ನು ಕಾಲವೆಂದು ಕರೆಯಲು ನನಗೆ ಕಾರಣ ಕಾಣುವುದಿಲ್ಲ.

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಬೆಳಕಿನ ಮೂರನೆಯ ಒಂದು ಪಾಲು ವೇಗದಲ್ಲಿ ಓಡುವ ಲಿಥಿಯಂ ಅಯಾನುಗಳ ಮೇಲೆ ಐವ್ಸ್–ಸ್ಟಿಲ್‌ವೆಲ್ ಪ್ರಯೋಗವನ್ನೇ ಲೇಸರಿನಿಂದ ಮರುಮಾಡಿ, ಸೂತ್ರ ಸರಿಯೆಂದು ನೂರು ಕೋಟಿಯಲ್ಲಿ ಎರಡು ಮೂರು ಪಾಲಿನ ನಿಖರತೆಯಲ್ಲಿ 2014ರಲ್ಲಿ ತೋರಿಸಿದರು. ಅದಕ್ಕೂ ಮೊದಲು 2010ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಅಲ್ಯೂಮಿನಿಯಂ ಅಯಾನಿನ ಗಡಿಯಾರಗಳು ಸೆಕೆಂಡಿಗೆ 10 ಮೀಟರಿಗಿಂತ ಕಡಿಮೆ ವೇಗದಲ್ಲೂ ವ್ಯತ್ಯಾಸವನ್ನು ಹಿಡಿದಿದ್ದವು, ಅಂದರೆ ಸೈಕಲ್ ತುಳಿಯುವವರ ವೇಗ. ಇಂಥ ಗಡಿಯಾರಗಳನ್ನು ಕಟ್ಟುವವರಿಗೆ ಚಲನೆಯ ಪರಿಣಾಮ ಈಗ ಹುಡುಕುವ ವಸ್ತುವಾಗಿ ಉಳಿದಿಲ್ಲ. ಬಲೆಯಲ್ಲಿ ಹಿಡಿದಿಟ್ಟ ಅಯಾನಿನ ಸಣ್ಣ ಅಲುಗಾಟವೂ ಕಾಲವನ್ನು ತಡಮಾಡುವುದರಿಂದ, ಅದನ್ನು ಅಂದಾಜು ಮಾಡಿ ಕಳೆಯುವುದು ಅವರ ನಿತ್ಯದ ಕೆಲಸ. ಮುಂದಿನ ಕೆಲಸ ಚಂದ್ರನದು. ಅಲ್ಲಿಗೊಂದು ಅಧಿಕೃತ ಕಾಲಮಾನ ರೂಪಿಸುವಂತೆ 2024ರಲ್ಲಿ ಅಮೆರಿಕದ ಸರ್ಕಾರ ನಾಸಾಕ್ಕೆ ಸೂಚಿಸಿತು. ಚಂದ್ರನ ನೆಲದ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 56 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಗುರುತ್ವದ್ದು. ಭೂಮಿಯ ಸುತ್ತ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ಚಂದ್ರ ಓಡುವುದರಿಂದ ಕಳೆಯಬೇಕಾದದ್ದು ದಿನಕ್ಕೆ ಸುಮಾರು ಅರ್ಧ ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕು 150 ಮೀಟರ್ ಹೋಗಿರುತ್ತದೆ. ಚಂದ್ರನ ದಕ್ಷಿಣ ಧ್ರುವದ ಕುಳಿಗಳ ನಡುವೆ ನೌಕೆಯನ್ನು ಇಳಿಸುವವರು ಆ ದೂರವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.